ಕುಬುಸಕ್ಕೆ ಐದೇ ಮಂದಿ

ಆ ಡಿಸೆಂಬರಿನಲ್ಲಿ ನನ್ನ ಹೊಲಿಗೆ ಯಂತ್ರಕ್ಕಿಂತ ನನ್ನ ಅಂಗಡಿಯ ಕಟ್ಟೆಯೇ ಹೆಚ್ಚು ಸದ್ದು ಮಾಡುತ್ತಿತ್ತು. ಅಳವಂಡಿಯ ಬಸ್ ನಿಲ್ದಾಣದ ಎದುರಿಗೆ ನನ್ನದು ಟೇಲರ್ ಅಂಗಡಿ. ನನ್ನ ಹೆಸರು ಮಾಜೀದ. ಅಂಗಡಿಗೆ ಬಟ್ಟೆ ತರುವವರು ನಾಲ್ಕು ಜನವಾದರೆ, ಕಟ್ಟೆಯ ಮೇಲೆ ಕೂತು ರಾಜ್ಯ ಆಳುವವರು ಹತ್ತು ಜನ. ಅವರಿಗೆ ಬಾಡಿಗೆ ಹಚ್ಚಿದ್ದರೆ ನಾನು ಇಷ್ಟೊತ್ತಿಗೆ ಸೂಜಿ ಬಿಟ್ಟು ಸುಖವಾಗಿರುತ್ತಿದ್ದೆ.

ಕೊರೊನಾದ ಎರಡನೆಯ ಅಲೆ ಇಳಿದು, ಮೂರನೆಯದು ಬರುತ್ತದೋ ಇಲ್ಲವೋ ಎಂದು ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳವು. ಟಿವಿಯವರಿಗಂತೂ ಹಬ್ಬ. ಕ್ರಿಸ್‌ಮಸ್ಸಿಗೆ ಚರ್ಚಿನೊಳಗೆ ಎಷ್ಟು ಜನ ಇರಬಹುದು, ಹೊಸ ವರ್ಷಕ್ಕೆ ಬೆಂಗಳೂರಿನ ಬೀದಿಯಲ್ಲಿ ಎಷ್ಟು ಜನ ಕುಣಿಯಬಹುದು, ಮದುವೆಗೆ ಎಷ್ಟು ಎಲೆ ಹಾಕಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಕಿರುಚಾಡುತ್ತಿದ್ದರು. ನಮ್ಮ ಕಟ್ಟೆಯವರು ಅದನ್ನು ಮೊಬೈಲಿನಲ್ಲಿ ನೋಡಿ, ಆಮೇಲೆ ತಾವೂ ಎರಡು ಪಂಗಡವಾಗಿ ಕಿರುಚಾಡುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ.

ಟಂಟಂ ಆಟೋ ಓಡಿಸುವ ಇಬ್ರಾಹಿಂಸಾಬ ಎಲ್ಲರಿಗಿಂತ ಜೋರು. "ಗಂಗಾವತಿ ಮಾರ್ಕೆಟ್ಟಿನ್ಯಾಗ ನಿನ್ನಿ ನೋಡಿ ಬಂದೀನಿ. ಹೆಗಲಿಗೆ ಹೆಗಲ ಹಚ್ಚಿ ನಿಂತಾರ ಮಂದಿ. ಅಲ್ಲಿ ಬರಲಾರದ ರೋಗ ಚರ್ಚಿನ್ಯಾಗ ಹೊಕ್ಕು ಕೂತಿರತೈತೇನು? ಅಲ್ಲಿ ಕ್ಯಾಂಪಿನ ಕ್ರಿಶ್ಚನ್ ಮಂದಿ ಈ ಸಲ ಪ್ರಾರ್ಥನಾಕ್ಕ ಪಾಳಿ ಹಚ್ಚ್ಯಾರಂತ, ಮುಂಜಾನಿ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು."

"ಛಲೋ ಮಾಡ್ಯಾರ ಬಿಡು," ಎಂದ ಗಾಳೆಪ್ಪ. ಅವನು ನಮ್ಮ ಓಣಿಯ ರೈತ, ಎಲ್ಲದಕ್ಕೂ ಎರಡೂ ಕಡೆ ತಲೆ ಹಾಕುವವನು. "ಹೋದ ಬ್ಯಾಸಗಿ ಮರೆತೀಯೇನು ನೀ?"

ಬೇಸಿಗೆಯ ಸಾವಿನ ಮಾತು ಬಂದರೆ ಕಟ್ಟೆಯವರು ಬೇರೆ ಮಾತು ತೆಗೆಯುತ್ತಿದ್ದರು. ನಾನು ಮಾತ್ರ ನನ್ನ ಕೆಲಸದಲ್ಲಿದ್ದೆ. ನನ್ನ ಕೈಯಲ್ಲಿದ್ದದ್ದು ಒಂದು ಹಸಿರು ಖಣದ ಬಟ್ಟೆ, ಅಂಚಿಗೆ ಕೆಂಪು. ನೆರೆಮನೆಯ ಶೈಲಜಾಳ ಕುಬುಸಕ್ಕೆಂದು ಅವಳ ತಾಯಿ ಪಂಪಾವತಿ ಕುಷ್ಟಗಿಯವರೆಗೆ ಹೋಗಿ ಆರಿಸಿ ತಂದಿದ್ದಳು.

ನಮ್ಮ ಕಡೆ ಹೆಣ್ಣುಮಗಳು ಚೊಚ್ಚಲ ಬಸುರಿಯಾಗಿ ಏಳು ತಿಂಗಳಾದಾಗ ತವರಿನವರು ಹಸಿರು ಸೀರೆ, ಹಸಿರು ಕುಬುಸ, ಬಳೆ, ಬುತ್ತಿ ತೆಗೆದುಕೊಂಡು ಅವಳ ಗಂಡನ ಮನೆಗೆ ಹೋಗುತ್ತಾರೆ. ಅವಳನ್ನು ಕೂರಿಸಿ, ಕುಬುಸ ತೊಡಿಸಿ, ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರು ಒಂದೊಂದು ಹಿಡಿ ಅಕ್ಕಿ ಹಾಕಿ ಉಡಿ ತುಂಬುತ್ತಾರೆ. ಐದು ಅಂದರೆ ಐದೇ. ನಾಲ್ಕಾದರೆ ಕೊರತೆ, ಆರಾದರೆ ಲೆಕ್ಕ ತಪ್ಪಿತು. ಹಾಗೆ ಹಿರಿಯರ ಮಾತು.

ಪಂಪಾವತಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಶೈಲಜಾ ಎದೆಹಾಲು ಕುಡಿಯುವ ಕೂಸಾಗಿದ್ದಾಗಲೇ ಗಂಡ ತೀರಿಕೊಂಡ. ಆ ದುಃಖದಲ್ಲಿ ಇವಳಿಗೆ ಹಾಲು ಬತ್ತಿತು. ಆಗ ನನ್ನ ಹೆಂಡತಿ ಸೈದಾನಬಿಯ ತೊಡೆಯ ಮೇಲೂ ಒಂದು ಕೂಸಿತ್ತು. ಒಂದು ಬಗಲಿಗೆ ನಮ್ಮ ಅಫ್ರೋಜ, ಇನ್ನೊಂದು ಬಗಲಿಗೆ ಶೈಲಜಾ. ಹಾಗೆ ಬೆಳೆದ ಹುಡುಗಿ ಅದು. ಪಂಪಾವತಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮಗಳನ್ನು ಓದಿಸಿದಳು, ತಳಕಲ್ಲಿನ ಗವಿಸಿದ್ದೇಶನಿಗೆ ಕೊಟ್ಟು ಮದುವೆಯನ್ನೂ ಮಾಡಿದಳು.

ಮದುವೆಯಾದ ಮೇಲೆ ತಾಯಿ ಮಗಳು ಕೂಡಿದ್ದೇ ಇಲ್ಲ ಅನ್ನಬೇಕು. ಬೇಸಿಗೆಯಲ್ಲಿ ರೋಗ, ಪಂಚಮಿಗೆ ತವರಿಗೆ ಬರಬೇಕು ಅಂದರೆ ಹುಡುಗಿಗೆ ಒಂದೇ ಸಮನೆ ವಾಂತಿ. ಹೆಣ್ಣು ಕೊಟ್ಟ ಮನೆಗೆ ಕಾರಣವಿಲ್ಲದೆ ಹೋಗಬಾರದು ಎಂಬ ಹಟ ಪಂಪಾವತಿಯದು. ಫೋನಿನಲ್ಲಿ ಮುಖ ನೋಡುತ್ತಿದ್ದಳು, ನಿಜ. ಆದರೆ ಹೊಟ್ಟೆ ತೋರಿಸು ಅಂದರೆ ಆ ಹುಡುಗಿ ನಾಚಿಕೊಂಡು ಫೋನನ್ನು ಗೋಡೆಯ ಗೂಡಿನ ಕಡೆಗೆ ತಿರುಗಿಸಿಬಿಡುತ್ತಿತ್ತು. "ಗೂಡಿನ್ಯಾಗಿನ ದೀಪಾ ನೋಡಿ ನೋಡಿ ಸಾಕಾಗೈತಿ, ಮಾಜೀದಣ್ಣ," ಎಂದು ಪಂಪಾವತಿ ನಗುತ್ತಿದ್ದಳು. ಕುಬುಸ ಯಾವಾಗ ಬರುತ್ತದೆ ಎಂದು ಅವಳು ಬೆರಳು ಮಡಿಚಿ ಕಾಯುತ್ತಿದ್ದಳು. ಒಂದು ದೊಡ್ಡ ಟೆಂಪೋದ ತುಂಬ ಓಣಿಯ ಹೆಂಗಸರನ್ನು ಹೇರಿಕೊಂಡು ಹೋಗುವುದು ಅವಳ ಆಸೆ.

ಇತ್ತ ನನಗೊಂದು ತೊಡಕು. ಹುಡುಗಿಯ ಅಳತೆ ಇಲ್ಲ. ಹಳೆಯ ಅಳತೆಗೆ ಅಂದಾಜಿನ ಮೇಲೆ ಹೊಲಿಗೆ ಬಿಟ್ಟು ಹೊಲಿಯುತ್ತಿದ್ದೆ. "ಮೂವತ್ತು ವರ್ಷದ ಕೈ ಇದು, ಕಣ್ಣು ಮುಚ್ಚಿ ಹೊಲದ್ರೂ ಕೂಡತೈತಿ," ಎಂದು ಕಟ್ಟೆಯವರ ಮುಂದೆ ಜಂಬ ಕೊಚ್ಚಿದ್ದೂ ಉಂಟು.

ಆ ಹೊತ್ತಿಗೆ ದೊಡ್ಡಬಸಪ್ಪ ಬಂದ. ಪಂಪಾವತಿಯ ಗಂಡನ ಅಣ್ಣ, ಆ ಮನೆತನಕ್ಕೆ ಹಿರಿಯ. ಕೆಟ್ಟವನಲ್ಲ, ಆದರೆ ರೂಢಿ ಅಂದರೆ ಅವನಿಗೆ ಗೋಡೆಗೆ ಹೊಡೆದ ಗೂಟ. ಅಲುಗಾಡಿಸುವ ಹಾಗಿಲ್ಲ.

"ತಳಕಲ್ಲಿಂದ ಫೋನ್ ಬಂದಿತ್ತು," ಎಂದು ಕಟ್ಟೆಯ ಮೇಲೆ ಕುಸಿದ. "ಊರಾಗ ಸಭಾ ಮಾಡ್ಯಾರಂತ. ಒಂದು ಮನೀಗೆ ಹೊರಗಿನವ್ರು ಐದು ಮಂದಿ ಮ್ಯಾಲ ಬರಬಾರದು. ಊರಾಗಿನವ್ರೂ ಒಬ್ಬರ ಮನೀಗೆ ಒಬ್ಬರು ಹೋಗಿ ಗುಂಪು ಕೂಡಬಾರದು. ಅಮಾಸಿ ಮಟಾ ಹಂಗಂತ."

"ಯಾರ ಮಾಡ್ಯಾರ ಇದನ್ನ?" ಎಂದ ಇಬ್ರಾಹಿಂಸಾಬ.

"ನಮ್ಮ ಬೀಗತಿನ. ವಿರೂಪಾಕ್ಷಮ್ಮ."

ವಿರೂಪಾಕ್ಷಮ್ಮ ಅಂದರೆ ಶೈಲಜಾಳ ಅತ್ತೆ, ತಳಕಲ್ಲಿನ ಪಂಚಾಯ್ತಿ ಸದಸ್ಯೆ. ಬೇಸಿಗೆಯಲ್ಲಿ ಆ ಊರಿನ ಸಾವುಗಳನ್ನು ಕಣ್ಣಾರೆ ಕಂಡವಳು. ಮನೆಮನೆಗೆ ಅನ್ನ, ಮಾತ್ರೆ ಮುಟ್ಟಿಸಿದವಳೂ ಅವಳೇ. ಮಾಡಿದ ಕಾಯ್ದೆ ತನ್ನ ಮನೆಯಿಂದಲೇ ಶುರುವಾಗಬೇಕು ಅನ್ನುವ ಹೆಂಗಸು. ಅವಳ ಮುಂದೆ ವಶೀಲಿ ನಡೆಯುವುದಿಲ್ಲ.

ಕಟ್ಟೆ ಕಾವೇರಿತು. ಊರ ಸಂತೆಗೆ ಇಲ್ಲದ ಕಾಯ್ದೆ ತಾಯಿ ಮಗಳಿಗೆ ಯಾಕೆ ಎಂದು ಅರ್ಧ ಜನ. ಜೀವ ಇದ್ದರೆ ತಾನೆ ಕುಬುಸ ಎಂದು ಇನ್ನರ್ಧ. ಗಾಳೆಪ್ಪ ಎರಡೂ ಕಡೆಗೆ. ನನಗೆ ಸಿಟ್ಟು ಬಂದದ್ದು ಕಾಯ್ದೆಯ ಮೇಲಲ್ಲ, ಆಮೇಲೆ ದೊಡ್ಡಬಸಪ್ಪ ಹೇಳಿದ ಮಾತಿನ ಮೇಲೆ.

"ಐದು ಮಂದಿ ಅಂದ್ರ ನಮಗೇನು ತ್ರಾಸಿಲ್ಲ. ಐದು ಮಂದಿ ಮುತ್ತೈದೇರು ಹೋಗಿ ಉಡಿ ತುಂಬಿ ಬರ್ತಾರ. ನಮ್ಮ ನೀಲಮ್ಮ, ಗಾಳೆಪ್ಪನ ಹೆಂಡ್ತಿ ದ್ಯಾಮವ್ವ, ಹುಲಿಗೆಮ್ಮ, ಶಾಂತವ್ವ, ಮತ್ತ ನಿನ್ನ ಸೈದಾನಬಿ. ಹಾಲು ಕುಡಿಸಿದಾಕಿ ಆಕಿ, ಆಕಿನ್ನ ಬಿಟ್ಟು ಹ್ಯಾಂಗಾಗತೈತಿ?"

"ಮತ್ತ ಪಂಪಾವತಿ?" ಎಂದೆ.

ಅವನು ಶಲ್ಯ ಸರಿಮಾಡಿಕೊಂಡ. "ಆಕಿ ಆರನೇದಾಕಿ ಆಗ್ತಾಳಲ್ಲೋ ಮಾರಾಯ."

ಗಂಡನಿಲ್ಲದವಳು ಉಡಿ ತುಂಬುವಂತಿಲ್ಲ. ಆ ತಟ್ಟೆಯನ್ನು ಮುಟ್ಟುವಂತಿಲ್ಲ. ಟೆಂಪೋದಲ್ಲಿ ಹೋಗಿದ್ದರೆ ಹಿಂದೆ ಎಲ್ಲೋ ನಿಂತು ಕಣ್ತುಂಬ ನೋಡಿಯಾದರೂ ಬರುತ್ತಿದ್ದಳು. ಐದೇ ಸೀಟು ಅಂದಮೇಲೆ ಹಿಂದೆ ನಿಲ್ಲುವ ಜಾಗವೇ ಇಲ್ಲ. ತಳಕಲ್ಲಿನ ಮುತ್ತೈದೆಯರೇ ತುಂಬಲಿ, ನಮ್ಮಿಂದ ತಾಯಿ ಒಬ್ಬಳೇ ಹೋಗಲಿ ಅಂದೆ. ಅವರಿಗೆ ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿಲ್ಲವಲ್ಲ, ಮೇಲಾಗಿ ತವರಿನ ಉಡಿ ತವರಿನವರೇ ತುಂಬಬೇಕು ಅಂದ. ನಾಲ್ಕು ಮಂದಿ ಮುತ್ತೈದೆಯರು ಹೋಗಲಿ ಅಂದೆ. "ಚೊಚ್ಚಲ ಬಸುರಿ. ಒಂದು ಕೊರತಿ ಮಾಡಿ, ನಾಳೆ ಏನರ ಹೆಚ್ಚುಕಡಿಮಿ ಆತಂದ್ರ ಜವಾಬ್ದಾರಿ ನೀ ತಗೋತೀಯೇನು?" ಅಂದ. ಖಣವನ್ನು ಮತ್ತೆ ಸೂಜಿಯ ಕೆಳಗೆ ಸರಿಸಿದೆ.

ದೊಡ್ಡಬಸಪ್ಪ ಪಂಪಾವತಿಗೆ ವಿಷಯ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಆತು ಬಿಡ್ರಿ ಭಾವಾರ. ಉಡಿ ತುಂಬಿದ್ರ ಸಾಕು. ನಾ ಬುತ್ತಿ ಮಾಡಿಕೊಡ್ತೀನಿ," ಅಂದಳು. ಅಂದಿನಿಂದ ಅವಳ ಮನೆಯಲ್ಲಿ ಒಲೆ ಆರಲಿಲ್ಲ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕರ್ಚಿಕಾಯಿ, ಗುರೆಳ್ಳು ಚಟ್ನಿ, ಮಗಳಿಗೆ ಪ್ರಾಣವಾದ ಪುಂಡಿ ಪಲ್ಲೆ. ನಮ್ಮ ಮನೆಯ ಗೋಡೆ ದಾಟಿ ಆ ವಾಸನೆ ಬರುತ್ತಿತ್ತು. ಮಗಳ ಹೊಟ್ಟೆ ನೋಡಲಾಗದವಳು ಮಗಳ ಹೊಟ್ಟೆಗೆ ಇಷ್ಟೆಲ್ಲ ಮಾಡುತ್ತಿದ್ದಾಳಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಕಟ್ಟೆಯವರು ಉಪಾಯಗಳನ್ನು ಹುಡುಕಿದರು. ರೊಟ್ಟಿ ಬುಟ್ಟಿಗಳ ನಡುವೆ ಪಂಪಾವತಿಯನ್ನು ಕೂರಿಸಿ ಮೇಲೆ ದುಪ್ಪಟಿ ಹೊದಿಸಿ ಒಯ್ಯುವುದು ಇಬ್ರಾಹಿಂಸಾಬನ ಉಪಾಯ. ಅವಳಿಗೆ ಟಂಟಂ ಓಡಿಸಲು ಕಲಿಸಿ ಡ್ರೈವರ್ ಮಾಡಿಬಿಡುವುದು ಗಾಳೆಪ್ಪನದು. ಇವರ ಕೈಗೆ ರಾಜ್ಯ ಕೊಟ್ಟಿಲ್ಲವಲ್ಲ, ದೇವರು ದೊಡ್ಡವನು.

ಕುಬುಸದ ದಿನ ಬೆಳಗಾಯಿತು. ನಾನು ಚಹಾ ಕುಡಿಯುತ್ತಿದ್ದಾಗ ಸೈದಾನಬಿ ಹಾಸಿಗೆಯಿಂದ ಏಳದೆ ಅಂದಳು, "ಇಲ್ಲಿ ಕೇಳ್ರಿ. ನಂಗ ನೆಗಡಿ ಆಗೇತಿ ಅಂತ ದೊಡ್ಡಬಸಪ್ಪಗ ಹೇಳಿ ಬರ್ರಿ."

"ಯಾವಾಗ ಆತು? ನಿನ್ನಿ ಸಂಜಿಮುಂದ ಇಡೀ ಓಣಿಗೆ ಕೇಳೂವಂಗ ಬೈಯಾಕತ್ತಿದ್ದಿ."

"ಆಗಿಲ್ಲ. ಆಗೇತಿ ಅಂತ ಹೇಳ್ರಿ. ಈಗಿನ ದಿನಮಾನದಾಗ ನೆಗಡಿ ಅಂದ್ರ ಯಾರೂ ಬಾ ಅನ್ನೂದಿಲ್ಲ. ಒಂದು ಜಾಗಾ ಖಾಲಿ ಆಗತೈತಿ. ಹೊತ್ತಾಗೇತಿ, ಬ್ಯಾರೆ ಮುತ್ತೈದಿ ಹುಡುಕಾಕ ಆಗೂದಿಲ್ಲ, ಪಂಪಾವತಕ್ಕನ್ನ ಕರಕೊಂಡು ಹೋಗಬೇಕಾಗತೈತಿ."

ನನ್ನ ಹೆಂಡತಿಯ ತಲೆಗೆ ನಾನು ಮನಸ್ಸಿನಲ್ಲೇ ಸಲಾಂ ಹೊಡೆದೆ. ಕುಬುಸವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು, ಮುಖ ಸಣ್ಣದು ಮಾಡಿಕೊಂಡು, ಸುಳ್ಳು ಹೇಳಲು ಹೊರಟೆ.

ಇಬ್ರಾಹಿಂಸಾಬನ ಟಂಟಂ ಪಂಪಾವತಿಯ ಬಾಗಿಲಲ್ಲಿ ನಿಂತಿತ್ತು. ಅದರ ಕನ್ನಡಿಗೆ ಅವನು ಮಲ್ಲಿಗೆ ಮಾಲೆ ಕಟ್ಟಿದ್ದ. ಪಂಪಾವತಿ ಬುತ್ತಿಯ ಬುಟ್ಟಿಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದಳು. ದೊಡ್ಡಬಸಪ್ಪ ಅತ್ತಿಂದಿತ್ತ ತಿರುಗುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

"ನಮ್ಮ ನೀಲಮ್ಮಗ ನೆಗಡಿ ಆಗೇತಪ್ಪ. ಮುಂಜಾನಿಂದ ಮುಸುಕು ಹಾಕ್ಕೊಂಡು ಮಲಗ್ಯಾಳ."

ಅಷ್ಟರಲ್ಲಿ ಗಾಳೆಪ್ಪ ತಲೆ ಕೆರೆದುಕೊಳ್ಳುತ್ತ ಬಂದ. "ದ್ಯಾಮವ್ವಗ ಯಾಕೋ ನೆಗಡಿರಿ."

ಎದುರುಮನೆಯ ಹುಲಿಗೆಮ್ಮ ಕಿಟಕಿಯಿಂದಲೇ ಸೆರಗು ಮೂಗಿಗೆ ಹಿಡಿದು, "ನಂಗ ಬರಾಕ ಆಗೂದಿಲ್ರಿ, ಮೂಗ ಸೋರಾಕತ್ತೈತಿ," ಎಂದು ಕೂಗಿದಳು. ಶಾಂತವ್ವನ ಮನೆಯಿಂದ ಫೋನ್ ಬಂತು. ಏನಾಗಿದೆ ಎಂದು ಬೇರೆ ಹೇಳಬೇಕೆ.

ನಾನು ನನ್ನ ನಾಲಿಗೆಯ ತುದಿಗೆ ಬಂದಿದ್ದ ನೆಗಡಿಯನ್ನು ಹಾಗೇ ನುಂಗಿದೆ. ಐದು ಮಂದಿಯೂ ಬೇರೆ ಬೇರೆ ಮನೆಯಲ್ಲಿ ಮಲಗಿ, ಒಬ್ಬರಿಗೊಬ್ಬರು ಹೇಳದೆ, ಒಂದೇ ಸುಳ್ಳನ್ನು ಹುಟ್ಟಿಸಿದ್ದಾರೆ. ಪ್ರತಿಯೊಬ್ಬಳೂ ತಾನೊಬ್ಬಳೇ ಜಾಗ ಬಿಟ್ಟೆ ಅಂದುಕೊಂಡಿದ್ದಾಳೆ. ನಮ್ಮ ಓಣಿಯ ಹೆಂಗಸರು ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ನಳದ ಪಾಳಿಗೆ ಅವರು ಕೊಡಗಳಿಂದ ಹೊಡೆದಾಡುತ್ತಾರೆ.

ಆದರೆ ಸುಳ್ಳಿನ ಗಂಟು ಬಿಚ್ಚುವುದಕ್ಕೆ ಬೇರೆಯವರೇ ಬಂದರು. ಆಶಾ ಕಾರ್ಯಕರ್ತೆ ಗುಲ್ಶನ ಅದೇ ದಾರಿಯಲ್ಲಿ ಬರುತ್ತಿದ್ದವಳು ಇದನ್ನೆಲ್ಲ ಕೇಳಿಸಿಕೊಂಡು ನಿಂತಳು. ಬೇಸಿಗೆಯಲ್ಲಿ ಬಿಸಿಲು ಲೆಕ್ಕಿಸದೆ ಈ ಓಣಿಗಳನ್ನು ಸುತ್ತಿದ ಹುಡುಗಿ. ನಗುವುದು ಕಡಿಮೆ.

"ಒಂದು ಓಣ್ಯಾಗ ನಾಲ್ಕು ನೆಗಡಿ? ಯಾರೂ ಹೊರಗ ಬರಬ್ಯಾಡ್ರಿ. ಸಿಸ್ಟರ್‌ನ ಕರಸ್ತೀನಿ, ಟೆಸ್ಟ್ ಮಾಡೂಣು."

ಮೂಗಿನೊಳಗೆ ಕಡ್ಡಿ ಹಾಕುತ್ತಾರೆ ಎಂದು ತಿಳಿದದ್ದೇ ತಡ, ಮುಸುಕು ಹಾಕಿ ಮಲಗಿದ್ದ ನೀಲಮ್ಮ ಎದ್ದು ಬಾಗಿಲಿಗೆ ಬಂದಳು. ಕೆನ್ನೆ ನೋಡಿದರೆ ಆಗತಾನೆ ಹೋಳಿಗೆ ತಿಂದು ಎದ್ದವಳ ಹಾಗಿದ್ದಳು.

"ನಂಗೇನೂ ಆಗಿಲ್ಲವ್ವ ಗುಲ್ಶನ. ಪಂಪಾವತಿ ಹೋಗ್ಲಿ ಅಂತ ಹಂಗಂದೀನಿ."

"ನಾನೂ ಹಂಗ ಅಂದೀನಲ್ಲ," ಎಂದಳು ಕಿಟಕಿಯಲ್ಲಿ ಹುಲಿಗೆಮ್ಮ.

ದ್ಯಾಮವ್ವ, ಶಾಂತವ್ವರೂ ಬಾಗಿಲಿಗೆ ಬಂದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಹಿಂದೆ ಯಾವಾಗ ಬಂದು ನಿಂತಿದ್ದಳೋ ಸೈದಾನಬಿ, ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ಓಣಿಗೆಲ್ಲ ಹತ್ತಿತು.

ದೊಡ್ಡಬಸಪ್ಪ ಮಾತ್ರ ನಗಲಿಲ್ಲ. ಹೆಂಡತಿಯನ್ನೇ ನೋಡುತ್ತ, "ಇಷ್ಟು ವರ್ಷ ಸಂಸಾರದಾಗ ನೀ ನನ್ನ ಮುಂದ ಒಂದು ಸುಳ್ಳು ಹೇಳಿದ್ದಿಲ್ಲ," ಅಂದ.

"ಹೇಳಿದ್ದು ನಿಮಗ ಗೊತ್ತಾಗಿಲ್ಲ, ಅಷ್ಟ," ಅಂದಳು ನೀಲಮ್ಮ.

"ಆತು, ನೆಗಡಿ ಸುಳ್ಳು ಅಂದಮ್ಯಾಲ ಎಲ್ಲಾರೂ ಗಾಡಿ ಹತ್ತರಿ," ಎಂದ ದೊಡ್ಡಬಸಪ್ಪ. ಗುಲ್ಶನ ಅಡ್ಡ ಬಂದಳು.

"ನೆಗಡಿ ಸುಳ್ಳು ಅಂತ ಕಡ್ಡಿ ಹೇಳಬೇಕು, ನೀವಲ್ಲ. ಬಸುರಿ ಇರೂ ಮನಿಗೆ ಹೊಂಟೀರಿ. ಟೆಸ್ಟಿನ ರಿಪೋರ್ಟ್ ಬರೂಮಟಾ ಈ ನಾಲ್ಕು ಮಂದಿ ಹೊಸ್ತಲಾ ದಾಟಂಗಿಲ್ಲ."

ಅವಳ ಮಾತು ಸರಿಯೇ. ಬಸುರಿ ಇರುವ ಮನೆ ಅಂದಮೇಲೆ ದೊಡ್ಡಬಸಪ್ಪನೂ ವಾದ ಮಾಡಲಿಲ್ಲ. ಬೇರೆ ನಾಲ್ವರನ್ನು ಹುಡುಕೋಣವೆಂದರೆ ಯಾರು ಸೀರೆ ಉಟ್ಟು ಸಿದ್ಧವಾಗಿದ್ದಾರೆ? ಒಳ್ಳೆಯ ಹೊತ್ತು ಮೀರುತ್ತಿತ್ತು. ಪಂಪಾವತಿ ಬುಟ್ಟಿ ಹಿಡಿದು ನಿಂತೇ ಇದ್ದಳು. ಕಣ್ಣಲ್ಲಿ ನೀರು, ಆದರೆ ತುಟಿಯಲ್ಲಿ ಬೇರೇನೋ. ಆ ನಾಲ್ಕು ಬಾಗಿಲುಗಳನ್ನು ಸುತ್ತ ನೋಡಿ, "ನಿಮ್ಮ ಬಾಯಿಗಿಷ್ಟು ಸಕ್ಕರಿ ಹಾಕ, ನನ್ನ ಸಲುವಾಗಿ ಸುಳ್ಳು ಹೇಳೀರಲ್ಲ," ಅಂದಳು.

ದೊಡ್ಡಬಸಪ್ಪ ಬೆವರುತ್ತ ತಳಕಲ್ಲಿಗೆ ಫೋನ್ ಹಚ್ಚಿದ. ಇದ್ದದ್ದು ಇದ್ದ ಹಾಗೆ ಹೇಳಿದ. ಆ ಕಡೆ ವಿರೂಪಾಕ್ಷಮ್ಮನ ದನಿ ನಮಗೆಲ್ಲ ಕೇಳುವಂತಿತ್ತು. "ಐದು ಮಂದಿ ಮ್ಯಾಲ ಬ್ಯಾಡ ಅಂದೀನಿ ಬೀಗರ. ಯಾರು ಅಂತ ನಾ ಕೇಳಿಲ್ಲ. ನೆಗಡಿ ಇಲ್ಲದವ್ರು ಬರ್ರಿ, ಹುಡುಗಿ ಹಸಕೊಂಡು ಕೂತೈತಿ."

ಹಾಗಾಗಿ ಟಂಟಂ ಹೊರಟಿತು. ಸೈದಾನಬಿ, ಪಂಪಾವತಿ, ಹಿರಿಯನೆಂದು ದೊಡ್ಡಬಸಪ್ಪ, ಕುಬುಸ ಹೆಚ್ಚುಕಡಿಮೆಯಾದರೆ ಬೇಕಾಗುತ್ತದೆ ಎಂದು ಸೂಜಿದಾರದ ಸಮೇತ ನಾನು, ಮುಂದೆ ಇಬ್ರಾಹಿಂಸಾಬ. ನಾನು ಅರಾಮಾಗಿದ್ದೆ. ಆದರೆ ಕಡಲೆ ಹೊಲಗಳನ್ನು ದಾಟುವಾಗ ಪಂಪಾವತಿ ಅಂದದ್ದು ಕೇಳಿ ನನ್ನ ಹುರುಪು ಇಳಿಯಿತು.

"ಭಾವಾರ, ನೀವು ಅಂಜಬ್ಯಾಡ್ರಿ. ನಾ ಬಾಗಿಲದಾಗ ನಿಂತು ನೋಡ್ತೀನಿ. ತಟ್ಟಿ ಮುಟ್ಟೂದಿಲ್ಲ."

ದೊಡ್ಡಬಸಪ್ಪ ಹೊಲದ ಕಡೆ ನೋಡುತ್ತ ಕುಳಿತ.

ತಳಕಲ್ಲಿನ ಊರ ಅಗಸೆಬಾಗಿಲಲ್ಲಿ ವಿರೂಪಾಕ್ಷಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಾಸ್ಕು, ಕೈಯಲ್ಲಿ ಜ್ವರ ನೋಡುವ ಯಂತ್ರ. ಬೀಗರು ಅಂತ ನೋಡಲಿಲ್ಲ, ಎಲ್ಲರ ಹಣೆಗೂ ಹಿಡಿದು, ಬೆರಳು ಚಾಚಿ ಎಣಿಸಿದಳು. "ಒಂದು, ಎರಡು, ಮೂರು, ನಾಲ್ಕು..."

"ನಾ ಡ್ರೈವರ್ ರಿ ಅವ್ವಾರ," ಎಂದ ಇಬ್ರಾಹಿಂಸಾಬ. "ಗಾಡ್ಯಾಗ ಕೂತಿರ್ತೀನಿ. ನನ್ನ ಲೆಕ್ಕಕ್ಕ ಹಿಡಿಬ್ಯಾಡ್ರಿ."

"ಗಾಡ್ಯಾಗ ಕೂತ್ರೂ ಉಸರಾಡ್ತೀರಲ್ಲ? ಐದು," ಎಂದು ಎದ್ದಳು. ಇಂಥ ಹೆಂಗಸಿನ ಕೈಯಲ್ಲಿ ಆರೆಂಬುದು ಹುಟ್ಟುವುದೇ ಇಲ್ಲ ಎಂದು ನಾನು ಅಂದುಕೊಂಡೆ.

ಮನೆಯ ಪಡಸಾಲೆಯಲ್ಲಿ ಶೈಲಜಾ ಕಂಬಕ್ಕೆ ಆತು ನಿಂತಿದ್ದಳು. ಹಸಿರು ಇಳಕಲ್ ಸೀರೆಯನ್ನು ಕಾಯುತ್ತ, ಹಳೆಯ ನೂಲಿನ ಸೀರೆಯಲ್ಲಿ. ತುಂಬಿದ ಹೊಟ್ಟೆ ಎದ್ದು ಕಾಣುತ್ತಿತ್ತು. ತಾಯಿ ಬರುತ್ತಾಳೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬುಟ್ಟಿ ಹೊತ್ತ ಪಂಪಾವತಿಯನ್ನು ಕಂಡವಳೇ ಬಾಯಿಗೆ ಸೆರಗು ಹಿಡಿದುಕೊಂಡಳು. ಪಂಪಾವತಿ ಬುಟ್ಟಿ ಇಳಿಸಿದಳು, ಕೈ ತೊಳೆದುಕೊಂಡಳು, ಮಾಸ್ಕನ್ನು ಮೇಲೇರಿಸಿ ಸರಿಮಾಡಿಕೊಂಡಳು, ಆಮೇಲೆ ಹತ್ತಿರ ಹೋಗಿ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹಾಗೇ ನಿಂತಳು. ಒಳಗಿನ ಕೂಸು ಒದೆಯಿತೋ ಏನೋ, ಇಬ್ಬರೂ ಒಮ್ಮೆಲೆ ನಕ್ಕರು. ನಾನು ಗಂಡಸು, ಅಲ್ಲಿ ನಿಂತು ಅಳಬಾರದು ಎಂದು ಚೀಲದಲ್ಲಿ ದಾರ ಹುಡುಕಿದೆ.

ಕುಬುಸ ತೊಡಿಸಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸೈದಾನಬಿ ಅದನ್ನು ಹಿಡಿದು ಹೊರಗೆ ಬಂದಳು. "ತೋಳಿನ್ಯಾಗ ಕೈ ಇಳಿವಲ್ಲದು. ಮೂವತ್ತು ವರ್ಷದ ಕೈಯಂತ." ನನ್ನ ಜಂಬವನ್ನು ಬೀಗರ ಮನೆಯ ಅಂಗಳದಲ್ಲೇ ಕೂತು ಬಿಚ್ಚಿದೆ. ಬಿಟ್ಟಿದ್ದ ಹೊಲಿಗೆ ಪುಣ್ಯಕ್ಕೆ ಸಾಕಾಯಿತು.

ಆಮೇಲೆ ಶೈಲಜಾ ಹಸಿರುಟ್ಟು ಕಂಬಳಿಯ ಮೇಲೆ ಕೂತಳು. ಎದುರಿಗೆ ತಟ್ಟೆ, ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಬಾಳೆಹಣ್ಣು. ಗವಿಸಿದ್ದೇಶ ಬಾಗಿಲಲ್ಲಿ, ನಾವು ಗಂಡಸರು ಪಡಸಾಲೆಯ ಅಂಚಿನಲ್ಲಿ. ಪಂಪಾವತಿ ಹೇಳಿದ ಹಾಗೆಯೇ ಹಿಂದಕ್ಕೆ ಸರಿದು ಬಾಗಿಲ ಪಕ್ಕದ ಗೋಡೆಗೆ ನಿಂತಳು.

ವಿರೂಪಾಕ್ಷಮ್ಮ ತಟ್ಟೆಯನ್ನು ಸೈದಾನಬಿಯ ಕಡೆ ಸರಿಸಿದಳು. "ತುಂಬ್ರಿ."

ಸೈದಾನಬಿ ಒಂದು ಹಿಡಿ ಅಕ್ಕಿ ತೆಗೆದು ಶೈಲಜಾಳ ಉಡಿಗೆ ಹಾಕಿದಳು. "ಇದು ನಂದು," ಅಂದಳು. ಅಷ್ಟಕ್ಕೇ ನಿಂತಳು. ತಟ್ಟೆ ಎತ್ತಿಕೊಂಡು ನೇರವಾಗಿ ಬಾಗಿಲ ಬಳಿ ಹೋಗಿ ಪಂಪಾವತಿಯ ಮುಂದೆ ಹಿಡಿದಳು. "ನಾಲ್ಕು ಮಂದಿ ಮನ್ಯಾಗ ಕೂತಾರ. ಅವ್ರ ಅಕ್ಕಿ ಯಾರ ಹಾಕಬೇಕು? ನಿನ್ನ ಸಲುವಾಗಿ ಸುಳ್ಳು ಹೇಳಿದ ಮಂದಿ ಅವರು. ಅವ್ರ ಋಣಾ ನಾ ತೀರಸ್ಲೇನು?"

ಪಂಪಾವತಿ ಕೈ ಹಿಂದೆ ಕಟ್ಟಿಕೊಂಡಳು. ಎಲ್ಲರ ಕಣ್ಣೂ ಹೋದದ್ದು ದೊಡ್ಡಬಸಪ್ಪನ ಕಡೆಗೆ. ನಾನು ಅವನ ಮಗ್ಗುಲಲ್ಲೇ ಇದ್ದೆ. ಅವನು ಹೆಗಲಿನ ಶಲ್ಯ ತೆಗೆದ, ಮಡಿಚಿದ, ಮತ್ತೆ ಹಾಕಿಕೊಂಡ. ಆಗ ಕಂಬಳಿಯ ಮೇಲಿನಿಂದ ಶೈಲಜಾಳ ದನಿ ಬಂತು.

"ದೊಡ್ಡಪ್ಪ, ಅವ್ವ ತುಂಬಲಿಲ್ಲಂದ್ರ ನಾ ಇಲ್ಲಿಂದ ಏಳೂದಿಲ್ಲ. ಹೊಟ್ಟಿ ಹಸದೈತಿ, ಲಗೂನ ಹೇಳ್ರಿ."

ದೊಡ್ಡಬಸಪ್ಪ ತಟ್ಟೆಯ ಕಡೆ ಕೈ ತೋರಿಸಿದ. "ನೀಲಮ್ಮನ ಹಿಡಿ ಅಂತ ಹಾಕು, ಪಂಪಾವತಿ," ಅಂದ. "ಆಕಿ ನನ್ನ ಮುಂದ ಸುಳ್ಳು ಹೇಳಿದ್ದು ಸುಮ್ಮಕ ಹೋಗಬಾರದು."

ಪಂಪಾವತಿ ಬಂದು ಮಗಳ ಎದುರು ಮಂಡಿಯೂರಿದಳು. ರೊಟ್ಟಿ ಬಡಿದು ಗಟ್ಟಿಯಾದ ಆ ಕೈ ಅಕ್ಕಿಗೆ ಇಳಿಯಿತು. "ಇದು ನೀಲಮ್ಮಂದು," ಎಂದು ಒಂದು ಹಿಡಿ ಹಾಕಿದಳು. "ಇದು ದ್ಯಾಮವ್ವಂದು. ಇದು ಹುಲಿಗೆಮ್ಮಂದು." ದನಿ ಗಟ್ಟಿಯಾಗುತ್ತ ಬಂತು. "ಇದು ಶಾಂತವ್ವಂದು."

ಐದಾಯಿತು. ಸೈದಾನಬಿ ತಟ್ಟೆ ಎತ್ತಲು ಬಗ್ಗಿದಳು. ಪಂಪಾವತಿ ತಟ್ಟೆಯ ಅಂಚನ್ನು ಬಿಡಲಿಲ್ಲ. ಮಗಳ ಮುಖ ನೋಡಿದಳು. ಎಲ್ಲ ಹಿಡಿಗಿಂತ ದೊಡ್ಡದಾಗಿ, ಎರಡೂ ಕೈ ಕೂಡಿಸಿ ಬೊಗಸೆ ಮಾಡಿ, ಅಕ್ಕಿ ತುಂಬಿಕೊಂಡಳು.

"ಇದು ನಂದು," ಅಂದಳು.

ಹಸಿರು ಸೆರಗಿನಲ್ಲಿ ಅಕ್ಕಿ ಬಿದ್ದ ಸದ್ದು ಅಂಗಳದ ತನಕ ಕೇಳಿತು. ದೊಡ್ಡಬಸಪ್ಪ ಅಭ್ಯಾಸ ಬಲದಿಂದ ಬೆರಳು ಮಡಿಚುತ್ತ ಬಂದಿದ್ದವನು ತಡೆದ. ಒಂದು ಕೈಯ ಬೆರಳು ಮುಗಿದಿದ್ದವು. "ಆರಾದುವಲ್ಲ ಬೀಗತಿ?" ಎಂದ, ಮೆಲ್ಲಗೆ.

ಅಗಸೆಯಲ್ಲಿ ಡ್ರೈವರನ ಉಸಿರನ್ನೂ ಬಿಡದೆ ಎಣಿಸಿದ ವಿರೂಪಾಕ್ಷಮ್ಮ ಸೊಸೆಯ ಸೆರಗಿನ ತುದಿಯನ್ನು ಬಿಗಿಯಾಗಿ ಗಂಟು ಹಾಕುತ್ತಿದ್ದಳು.

"ನಾ ಎಣಸಿಲ್ರಿ," ಅಂದಳು. "ಬರ್ರಿ, ಕೈ ತೊಳಕೊಳ್ರಿ. ಪುಂಡಿ ಪಲ್ಲೆ ವಾಸನಿ ಬರಾಕತ್ತೈತಿ."